ಸೋನಿಬಾಯಿ ಗಡಿಗೆ ತಿಕ್ಕಿದ್ದು ತಮಗಾಗಿ

ಸಂಶೋಧನಾ ಯೋಜನೆಗಳ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ತಾವು ಸಹಿ ಮಾಡಿರುವ ವರದಿಯಲ್ಲಿ ಒಂದು ವಾಕ್ಯವಿದೆ. "ಫಲಾನುಭವಿಗಳಲ್ಲಿ ಶುಚಿತ್ವದ ಅರಿವಿನ ಕೊರತೆಯಿಂದಾಗಿ ಲೇಪನವು ಹಾಳಾಗಿದ್ದು, ಸದರಿ ಗ್ರಾಫೀನ್ ವಸ್ತುವಿಗೆ ಇದೆಯೆಂದು ಹೇಳಲಾದ ಗುಣಗಳು ಸ್ಥಳದಲ್ಲಿ ಕಂಡುಬಂದಿರುವುದಿಲ್ಲ." ಈ ಒಂದು ವಾಕ್ಯದ ಆಧಾರದ ಮೇಲೆ ದಾಂಡೇಲಿಯ ನಮ್ಮ ಎರಡು ಕೋಣೆಗಳ ಪ್ರಯೋಗಶಾಲೆಯನ್ನು ಮುಚ್ಚಲಾಯಿತು, ಕುಲುಮೆಯನ್ನು ಲಾರಿಗೆ ಏರಿಸಲಾಯಿತು, ಮುಂಡಗೋಡ ತಾಲ್ಲೂಕಿನ ಒಂದು ತಾಂಡಾದ ಜನ ಮತ್ತೆ ಕೆಂಪು ನೀರು ಕುಡಿಯತೊಡಗಿದರು. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಸತ್ಯ ಮಾತ್ರ ಅದರ ನೇರ ವಿರುದ್ಧ ದಿಕ್ಕಿನಲ್ಲಿದೆ. ಲೇಪನ ಹಾಳಾದದ್ದು ಶುಚಿತ್ವದ ಕೊರತೆಯಿಂದಲ್ಲ, ಶುಚಿತ್ವದಿಂದ. ಆ ಶುಚಿತ್ವವೂ ತಮ್ಮ ಸಲುವಾಗಿಯೇ ನಡೆದದ್ದು. ಇದನ್ನು ತಮ್ಮ ಕಚೇರಿಗೆ ಬರೆದು ತಿಳಿಸಿದೆ, ಉತ್ತರ ಬರಲಿಲ್ಲ. ಖುದ್ದಾಗಿ ಬಂದೆ, ಭೇಟಿ ಆಗಲಿಲ್ಲ. ಆದ್ದರಿಂದ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ಇಲ್ಲಿಯಾದರೂ ತಮ್ಮ ಕಣ್ಣಿಗೆ ಬೀಳುತ್ತದೆಂಬ ಭರವಸೆ ಇದೆಯೇ ಎಂದು ಕೇಳಿದರೆ, ಅಷ್ಟಾಗಿ ಇಲ್ಲ.

ನಾನು ಯಾರೆಂದು ತಮಗೆ ನೆನಪಿರಲಾರದು. ಅಂದು ತಾಂಡಾದಲ್ಲಿ ತಮ್ಮ ಕಾರಿನ ಬಾಗಿಲ ಬಳಿ ಫೈಲು ಎದೆಗವಚಿಕೊಂಡು ನಿಂತಿದ್ದ ಹೆಂಗಸು ನಾನು. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಹಳಿಯಾಳದ ಕಡೆಯ ಕಾಲೇಜುಗಳಲ್ಲಿ ಕೂದಲು ನರೆಯುವವರೆಗೆ ಅತಿಥಿ ಉಪನ್ಯಾಸಕಿಯಾಗಿದ್ದೆ. ಇಷ್ಟು ವರ್ಷ ಉಳಿದುಕೊಂಡವರನ್ನು ಜನ ಸಾಮಾನ್ಯವಾಗಿ ಅತಿಥಿ ಎನ್ನುವುದಿಲ್ಲ, ಸರ್ಕಾರ ಎನ್ನುತ್ತದೆ. ಐವತ್ತು ಹತ್ತಿರವಾಗುತ್ತಿರುವಾಗ ಈ ಯೋಜನೆಯಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತು. ಅದುವರೆಗೆ ನಾನು ಹೇಳಿಕೊಡುತ್ತಿದ್ದ ರಸಾಯನಶಾಸ್ತ್ರ ಕಪ್ಪು ಹಲಗೆಯ ಮೇಲೇ ಹುಟ್ಟಿ ಅಲ್ಲೇ ಅಳಿಸಿಹೋಗುತ್ತಿತ್ತು. ಒಬ್ಬರ ಬಾಯಾರಿಕೆಯ ತನಕ ಅದು ಹೋಗಿ ಮುಟ್ಟಬಹುದೆಂದು ಮೊದಲ ಸಲ ಅನ್ನಿಸಿದ್ದು ಈ ಕೆಲಸದಲ್ಲಿ.

ಗ್ರಾಫೀನ್ ಎಂದರೇನು ಎಂದು ತಮಗೆ ಹೇಳುವುದು ಅಧಿಕಪ್ರಸಂಗ. ಆದರೆ ಬಹಿರಂಗ ಪತ್ರವನ್ನು ಆ ತಾಂಡಾದ ಹತ್ತಿರದ ಚಿಗಳ್ಳಿಯ ಹೊಲದ ಬದುವಿನ ಮೇಲೆ ಕೂತವರೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಪೆನ್ಸಿಲಿನಿಂದ ಗೆರೆ ಎಳೆದಾಗ ಕಾಗದಕ್ಕೆ ಅಂಟುವುದು ಇಂಗಾಲದ ಪದರಗಳು. ಆ ಪದರಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಕೊನೆಗೆ ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆ ಉಳಿಯುತ್ತದೆ. ಅದೇ ಗ್ರಾಫೀನ್. ಅದು ಉಕ್ಕಿಗಿಂತ ಗಟ್ಟಿ, ವಿದ್ಯುತ್ತನ್ನು ತಾಮ್ರದಂತೆ ಹರಿಯಗೊಡುತ್ತದೆ, ಕಣ್ಣಿಗೆ ಕಾಣದಷ್ಟು ನವಿರು. ಕಾಗದದ ಗಿರಣಿಯ ಸೈರನ್ನಿಗೆ ಎದ್ದು ಮಲಗಿ ಬೆಳೆದ ದಾಂಡೇಲಿಯವಳು ನಾನು. ಕಾಗದದ ಮೇಲಿನ ಒಂದು ಗೆರೆಯೊಳಗೆ ಇಷ್ಟೆಲ್ಲ ಇದೆ ಎಂದು ತಿಳಿದ ದಿನ ಒಂದು ಒಳ್ಳೆಯ ಕವಿತೆಯಂತೆ ಆ ಪುಟವನ್ನು ಮತ್ತೆ ಮತ್ತೆ ಓದಿದ್ದೆ.

ಜಗತ್ತು ಬಯಸುವುದು ಕಲೆಯಿಲ್ಲದ, ಹರಿಯದ, ಪರಿಪೂರ್ಣ ಹಾಳೆಯನ್ನು. ನಾವು ಮಾಡಿದ್ದು ಅದಲ್ಲ. ನಮ್ಮದು ಕೆಲವು ಪದರ ಒಂದರ ಮೇಲೊಂದು ಕೂತ, ಅಲ್ಲಲ್ಲಿ ಹರಿದ, ಸುಕ್ಕುಗಟ್ಟಿದ, ಅಂಚಿನಲ್ಲಿ ಆಮ್ಲಜನಕ ಸಿಕ್ಕಿಕೊಂಡ ಹಾಳೆ. ಇದನ್ನು ಗ್ರಾಫೀನ್ ಎಂದು ಕರೆಯಬಹುದೇ ಎಂದು ತಮ್ಮ ಸಮಿತಿ ದೀರ್ಘವಾಗಿ ಚರ್ಚಿಸಿತೆಂದು ಕೇಳಿದ್ದೇನೆ. ಬೇಡವಾದರೆ ಬೇರೆ ಹೆಸರಿಡಿ, ನಮಗೆ ಜಗಳವಿಲ್ಲ. ಪರಿಪೂರ್ಣ ಹಾಳೆಗೆ ನೀರಿನಲ್ಲಿ ಕರಗಿದ ಕಬ್ಬಿಣ, ಮ್ಯಾಂಗನೀಸ್ ಅಷ್ಟಾಗಿ ಅಂಟುವುದಿಲ್ಲ, ಜಾರಿಹೋಗುತ್ತವೆ. ನಮ್ಮ ಹರಕು ಹಾಳೆಯ ಅಂಚುಗಳಿಗೆ ಅಂಟುತ್ತವೆ. ಹರಿದ ಕಡೆಯೇ ಏನಾದರೂ ಸಿಕ್ಕಿಕೊಳ್ಳುತ್ತದೆ ಎಂಬುದು ಕವಿತೆ ಓದುವವರಿಗೆ ಹೊಸ ಸಂಗತಿಯಲ್ಲ. ಅದನ್ನು ಕುಲುಮೆಯಲ್ಲಿ ಕಾಯಿಸಿ ತೋರಿಸುವುದಷ್ಟೇ ನಮ್ಮ ಕೆಲಸವಾಗಿತ್ತು.

ತಯಾರಿಸುವ ಬಗೆಯ ಬಗ್ಗೆಯೂ ತಮ್ಮ ವರದಿಯಲ್ಲಿ ಒಂದು ಕೊಂಕು ಇದೆ: "ಅಸಾಂಪ್ರದಾಯಿಕ ಕಚ್ಚಾವಸ್ತು." ಹೌದು ಸ್ವಾಮಿ, ಬೆಲ್ಲ. ಪುಸ್ತಕದಲ್ಲಿರುವ ಪ್ರಸಿದ್ಧ ವಿಧಾನಕ್ಕೆ ಪ್ರಬಲ ಗಂಧಕಾಮ್ಲ ಬೇಕು, ಪರ್ಮ್ಯಾಂಗನೇಟ್ ಬೇಕು. ನೀರಿನಿಂದ ಮ್ಯಾಂಗನೀಸ್ ತೆಗೆಯಲು ಹೊರಟವರು ಪ್ರಯೋಗಶಾಲೆಯ ಮೋರಿಗೆ ಮ್ಯಾಂಗನೀಸ್ ಸುರಿಯುವುದೇ? ಆ ಮೋರಿ ಹೋಗಿ ಸೇರುವುದು ಕಾಳಿ ನದಿಗೆ. ಅದಕ್ಕೇ ನಾವು ಹಳಿಯಾಳದ ಕಬ್ಬಿಗೆ ಮೊರೆಹೋದೆವು. ಬೆಲ್ಲದ ನೀರನ್ನು ಗಡಿಗೆಯ ಒಳಮೈಗೆ ಸವರಿ, ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ನೈಟ್ರೋಜನ್ ಹರಿಸುತ್ತ ನಿಧಾನವಾಗಿ ಕಾಯಿಸಬೇಕು. ಗಾಳಿ ಒಳಗೆ ಬಂದರೆ ಎಲ್ಲ ಸುಟ್ಟು ಹಾರಿಹೋಗುತ್ತದೆ, ಬರದಿದ್ದರೆ ಕಪ್ಪು ಪದರ ಕೂರುತ್ತದೆ. ತೇರಗಾಂವದ ಗಾಣದಿಂದ ನಮಗೆ ಬೆಲ್ಲ ಕೊಡುತ್ತಿದ್ದ ಮಲಕಪ್ಪನಿಗೆ ಇದೊಂದು ತಮಾಷೆ. "ಅಲ್ರೀ ಅಕ್ಕಾರ, ಕಬ್ಬು ಅರದು, ಕುದಿಸಿ, ಹೊಗಿ ಕುಡದು ನಾವು ಬೆಲ್ಲ ಮಾಡೂದು, ನೀವು ಅದನ್ನ ಒಯ್ದು ಸೀಯಿಸಿ ಕರ್ರಗ ಮಾಡೂದು! ಮೊದಲ ಹೇಳಿದ್ರ ನಾನ ಸೀಯಿಸಿ ಕೊಡ್ತಿದ್ನೆಲ್ಲ, ನಮ್ಮ ಆಳು ಮಕ್ಕಳಿಗೆ ಆ ಕೆಲಸ ಭಾಳ ಚಲೋ ಬರ್ತೈತಿ" ಎನ್ನುತ್ತಿದ್ದ.

ಇನ್ನು ನೀರಿನ ವಿಷಯ. ಚಿಗಳ್ಳಿಯಿಂದ ಆಚೆಗೆ ಇರುವ ಆ ತಾಂಡಾದ ಬೋರ್‌ವೆಲ್ ನೀರು ಎತ್ತಿದಾಗ ತಿಳಿಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಕೆಂಪಗಾಗುತ್ತದೆ, ಅಡಿಯಲ್ಲಿ ಕಪ್ಪು ಗಸಿ ಕೂರುತ್ತದೆ. ಚಹಾ ಮಾಡಿದರೆ ಶಾಯಿ. ಮನೆ ಮನೆಗೂ ನಲ್ಲಿ ಬಂದಿದೆ, ನಲ್ಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದೂ ಆಗಿದೆ, ಆದರೆ ಆ ನಲ್ಲಿಯಲ್ಲಿ ಬರುವುದೂ ಅದೇ ಬೋರ್‌ವೆಲ್ಲಿನ ನೀರೇ. ಇಂಥ ತಾಂಡಾದಲ್ಲಿ ಸೋನಿಬಾಯಿಯ ಮನೆ. ಗಂಡ ಥಾವರೆಪ್ಪ, ಇಬ್ಬರೂ ಪಾಲಿಗೆ ಹಾಕಿಕೊಂಡ ಹೊಲದಲ್ಲಿ ದುಡಿಯುತ್ತಾರೆ. ಮಗ ತುಳಸಿರಾಮ ಅನಮೋಡ ಘಟ್ಟ ದಾಟಿ ಗೋವಾದ ಕಟ್ಟಡ ಕೆಲಸಕ್ಕೆ ಹೋಗಿಬರುತ್ತಾನೆ. ಸೊಸೆ ಕಾಜಲ್, ತವರಾದ ತೇರಗಾಂವದ ಹತ್ತಿರದ ತಾಂಡಾದಲ್ಲಿ ಹೆಣ್ಣು ಮಗುವನ್ನು ಹೆತ್ತಳು. ಮಗುವಿಗೆ ಮೇಲಿನ ಆಹಾರ ಶುರುಮಾಡುವಾಗ ಆರೋಗ್ಯ ಕೇಂದ್ರದ ನರ್ಸಮ್ಮ, ಗಂಡನ ಮನೆಯ ನೀರಿನ ಬಾಟಲಿ ಬೆಳಕಿಗೆ ಹಿಡಿದು ನೋಡಿ, "ಸಣ್ಣ ಕೂಸಿಗೆ ಇದು ಬ್ಯಾಡ" ಎಂದರು. ಕಾಜಲ್ ತವರಿನಲ್ಲೇ ಉಳಿದಳು. ಅಲ್ಲಿ ಹಳೆಯ ಬಾವಿಯ ಸಿಹಿ ನೀರಿದೆ.

ತುಳಸಿರಾಮ ಗೋವಾದಿಂದ ಬರುವಾಗ ಕ್ಯಾನುಗಳಲ್ಲಿ ನೀರು ಹೊತ್ತು ತರತೊಡಗಿದ. ಕೂಸು ಹಬ್ಬಕ್ಕೆ ಬಂದರೆ ಎಂಬ ಆಸೆ. ಗೋವಾದ ಕಡೆಯಿಂದ ದ್ರವಪದಾರ್ಥ ತರುವವರನ್ನು ಅನಮೋಡದ ತಪಾಸಣೆ ನಾಕೆಯಲ್ಲಿ ಹಾಗೇ ಬಿಡುತ್ತಾರೆಯೇ? ಕ್ಯಾನು ತೆಗೆಸಿ, ಮೂಸಿ, ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿದ ಸಿಪಾಯಿ ಬೇಸರದಿಂದ ಹೇಳಿದನಂತೆ, "ಏನಲೇ ತಮ್ಮಾ, ಮಂದಿ ಗೋವಾದಿಂದ ಏನೇನೋ ತರ್ತಾರ, ನೀ ಬರೇ ನೀರ್ ತರ್ತೀಯಲ್ಲ! ತಲಿ ನೆಟ್ಟಗ ಐತಿಲ್ಲ?" "ಕೂಸಿಗೆ ರೀ" ಎಂದನಂತೆ ಇವನು. ಸಿಪಾಯಿ ಆಮೇಲೆ ತಾನೇ ಮುಚ್ಚಳ ಬಿಗಿಮಾಡಿ ಕೊಟ್ಟನಂತೆ. ಆ ರಸ್ತೆಯಲ್ಲಿ ಒಬ್ಬ ಸರ್ಕಾರಿ ಮನುಷ್ಯ ಆ ನೀರನ್ನು ರುಚಿ ನೋಡಿದ ಎಂಬುದನ್ನು ಇಲ್ಲಿ ಗಮನಕ್ಕೆ ತರುತ್ತಿದ್ದೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ದೀಪಾವಳಿಯ ಹೊತ್ತಿಗೆ ನಮ್ಮ ಗಡಿಗೆಗಳು ತಾಂಡಾಕ್ಕೆ ಬಂದವು. ಒಂದರ ಮೇಲೊಂದು ಎರಡು ಗಡಿಗೆ, ಮೇಲಿನದರ ಒಳಮೈ ಕಪ್ಪು. ಮೇಲೆ ನೀರು ಹಾಕಿದರೆ ಕಪ್ಪು ಪದರದಲ್ಲಿ ನಿಂತು, ತಳದಿಂದ ಜಿನುಗಿ ಕೆಳಗಿನದಕ್ಕೆ ಇಳಿಯುತ್ತದೆ. ಮೊದಲ ವಾರವೇ ಚಹಾ ಚಹಾದ ಬಣ್ಣಕ್ಕೆ ಬಂತು. ನಾವು ಪದೇ ಪದೇ ನೀರು ಒಯ್ದು ಪರೀಕ್ಷಿಸಿದೆವು, ಫಲಿತಾಂಶಗಳನ್ನು ತಮಗೆ ಕಳಿಸಿದೆವು. ಸಂಕ್ರಾಂತಿ ಆದ ಮೇಲೆ ಕಾಜಲ್ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಳು. ಅಜ್ಜಿ ಆ ನೀರಿನಲ್ಲಿ ಗಂಜಿ ಕಾಸಿ ತಿನ್ನಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಇದು ತಮ್ಮ ವರದಿಯ ಯಾವ ಕೋಷ್ಟಕದಲ್ಲೂ ಇಲ್ಲ.

ಒಂದೇ ಒಂದು ತೊಡಕು ಇತ್ತು. ಗಡಿಗೆಯ ಒಳಗೆ ಕೈ ಹಾಕಿ ತಿಕ್ಕಬಾರದು, ನೀರು ಸುರಿದು ಕುಲುಕಿ ಚೆಲ್ಲಬೇಕು, ಅಷ್ಟೇ. ಇದನ್ನು ಎಲ್ಲರಿಗೂ ಹೇಳಿದ್ದೆವು, ಮಾಡಿ ತೋರಿಸಿದ್ದೆವು, ಅವರು ಹಾಗೇ ನಡೆದುಕೊಂಡರು. ಆದರೆ ಆ ತಾಂಡಾದ ಹೆಂಗಸರಿಗೆ ಇದೆಂಥ ಹಿಂಸೆ ಎಂದು ತಾವು ಊಹಿಸಲಾರಿರಿ. ಬೆಳಗಾದರೆ ಬೂದಿ, ತೆಂಗಿನ ಜುಂಗು ಹಿಡಿದು ಮನೆಯ ಮುಂದೆ ಕೂರುವವರು ಅವರು. ಹಿತ್ತಾಳೆಯಿರಲಿ ಮಣ್ಣಿನದಿರಲಿ, ಪಾತ್ರೆಯೊಳಗೆ ಮಸಿ ಉಳಿದರೆ ಅದು ಮನೆಯವಳ ಮಾನದ ಪ್ರಶ್ನೆ. ಸೋನಿಬಾಯಿ ನಾನು ಹೋದಾಗಲೆಲ್ಲ ಒಂದೇ ದೂರು ಹೇಳುತ್ತಿದ್ದಳು. "ಹೊರಗ ಕೆಂಪಗ, ಒಳಗ ಮಸಿ. ಮಂದಿ ಏನಂದಾರು ಬಾಯೀ? ಸೋನಿಬಾಯಿ ಗಡಿಗಿ ತಿಕ್ಕೂದ ಬಿಟ್ಟಾಳ ಅಂತಾರ."

ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ ಥಾವರೆಪ್ಪ ನಗುತ್ತಿದ್ದ. "ನಿನ್ನ ಗಡಿಗಿಯೊಳಗ ಇಣುಕಿ ನೋಡಾಕ ಯಾರ ಬರ್ತಾರ, ಮಂತ್ರಿ ಬರ್ತಾನೇನು?"

ಮಂತ್ರಿ ಬರಲಿಲ್ಲ. ತಾವು ಬಂದಿರಿ.

ನಾವು ಮಾಡಿದ ಪರೀಕ್ಷೆ ಎಷ್ಟೇ ಇದ್ದರೂ ನಿಯಮದ ಪ್ರಕಾರ ಅದು ಲೆಕ್ಕಕ್ಕಿಲ್ಲ, ಸಮಿತಿ ಸ್ಥಳಕ್ಕೆ ಬಂದು ಮಾಡುವ ಪರೀಕ್ಷೆಯೇ ಪ್ರಮಾಣ. ಸರಿ, ಒಪ್ಪಿದೆವು. ಯುಗಾದಿಯ ಮುಂಚೆ ತಾವು ಬರುವುದು ಗೊತ್ತಾಯಿತು. ಜೊತೆಗೆ ತಮ್ಮ ಕಚೇರಿಯಿಂದ ಪಂಚಾಯಿತಿಗೆ ಒಂದು ಸೂಚನೆ ಹೋಯಿತು: ಮಾನ್ಯ ಅಧ್ಯಕ್ಷರ ಭೇಟಿಯ ಸಂದರ್ಭದಲ್ಲಿ ಗ್ರಾಮದಲ್ಲಿ ಸಂಪೂರ್ಣ ಶುಚಿತ್ವ ಕಾಪಾಡತಕ್ಕದ್ದು. ಆ ಸೂಚನೆಯ ಪ್ರತಿ ನಮ್ಮ ಪ್ರಯೋಗಶಾಲೆಗೆ ಬರಲಿಲ್ಲ. ಬಂದಿದ್ದರೆ ಹಿಂದಿನ ದಿನವೇ ಹೋಗಿ ಗಡಿಗೆಗಳ ಮುಂದೆ ಕಾವಲು ಕೂರುತ್ತಿದ್ದೆ. ನೀರು ಬಿಡುವವನು ಸಂಜೆ ತಾಂಡಾದ ನಡುವೆ ನಿಂತು ಕೂಗಿ ಹೇಳಿದನಂತೆ, "ನಾಳಿ ದೊಡ್ಡ ಸಾಹೇಬ್ರು ಗಡಿಗಿ ನೋಡಾಕ ಬರ್ತಾರ, ಎಲ್ಲಾ ಸ್ವಚ್ಛ ಇರಬೇಕ್ ನೋಡ್ರಿ!"

ಗಡಿಗೆ ನೋಡಲು ಬರುತ್ತಾರೆ. ಸ್ವಚ್ಛ ಇರಬೇಕು. ಇದರ ಅರ್ಥವನ್ನು ಒಬ್ಬ ಹೆಂಗಸು ಇನ್ನು ಹೇಗೆ ತಿಳಿಯಬೇಕಿತ್ತು, ದಯವಿಟ್ಟು ತಾವೇ ಹೇಳಿ.

ಮರುದಿನ ಬೆಳಗ್ಗೆ ನಾನು ದಾಂಡೇಲಿಯಿಂದ ಬಸ್ಸು ಹಿಡಿದು ಹೋಗಿ ಸೇರುವ ಹೊತ್ತಿಗೆ ತಾಂಡಾ ಹೊಳೆಯುತ್ತಿತ್ತು. ದಾರಿ ಗುಡಿಸಿ ನೀರು ಚಿಮುಕಿಸಿದ್ದರು. ಮನೆ ಮನೆಯ ಮುಂದೆ ಹಸಿ ಬೂದಿಯ ಗುಡ್ಡೆ. ಮನೆಗಳ ಕಟ್ಟೆಯ ಮೇಲೆ ಬೋರಲು ಹಾಕಿದ ಗಡಿಗೆಗಳು, ಎತ್ತಿ ನೋಡಿದರೆ ಒಳಗೂ ಹೊರಗೂ ಒಂದೇ ಕೆಂಪು, ನಿನ್ನೆ ಕುಂಬಾರನ ಮನೆಯಿಂದ ತಂದಂತೆ. ಬೂದಿಯ ಗುಡ್ಡೆಗಳಲ್ಲಿ ಕಪ್ಪು ಗೆರೆಗಳಿದ್ದವು. ನಮ್ಮ ಸಂಶೋಧನೆ ಆ ಗೆರೆಗಳಲ್ಲಿತ್ತು.

"ಏನ್ ಮಾಡಿದ್ರಿ ಸೋನಿಬಾಯಿ?" ಎಂದೆ. ನನ್ನ ಮುಖ ನೋಡಿ ಅವಳ ಮುಖ ಇಳಿಯಿತು. "ಪಳಗಿತ್ತಲ್ಲ ಬಾಯೀ ಅದು. ಇಷ್ಟ ದಿನ ನೀರ್ ಕುಡದಿತ್ತು. ಬೆಲ್ಲ ಒಳಗ ಇಳದಿರ್ತೈತಿ ಅಂದ್ಕೊಂಡೆ" ಎಂದಳು. ಆಗ ನನಗೆ ಹೊಳೆಯಿತು. ನಮ್ಮ ಕಡೆ ರೊಟ್ಟಿಯ ಹೊಸ ಮಣ್ಣಿನ ಹಂಚಿಗೆ ಎಣ್ಣೆ, ಬೆಲ್ಲ ಸವರಿ, ಸೀಯಿಸಿ ಪಳಗಿಸುತ್ತಾರೆ. ಪಳಗಿದ ಮೇಲೆ ಎಷ್ಟು ತಿಕ್ಕಿದರೂ ಚಿಂತೆಯಿಲ್ಲ, ಗುಣ ಮಣ್ಣಿನೊಳಗೆ ಇಳಿದಿರುತ್ತದೆ, ಮೇಲಿನ ಮಸಿ ಹೋದರೂ ರೊಟ್ಟಿ ಅಂಟುವುದಿಲ್ಲ. ಬೆಲ್ಲ ಸವರಿ ಸೀಯಿಸಿದ ಗಡಿಗೆ ಎಂದು ನಾವೇ ಹೇಳಿದ್ದೆವು. ಅವಳು ಅದನ್ನು ತನಗೆ ಗೊತ್ತಿರುವ ವಿದ್ಯೆಯ ಪಕ್ಕದಲ್ಲಿಟ್ಟು ನೋಡಿದಳು. ಇಷ್ಟು ತಿಂಗಳಲ್ಲಿ ಪಳಗಿದೆ, ಇನ್ನು ತಿಕ್ಕಬಹುದು, ಅದೂ ಇಂಥ ದೊಡ್ಡವರು ಬರುವಾಗ. ತಪ್ಪು ಲೆಕ್ಕ, ಹೌದು. ನಮ್ಮ ಪದರ ಒಳಗೆ ಇಳಿಯುವುದಿಲ್ಲ, ಮೇಲೇ ಕೂತಿರುತ್ತದೆ. ಆದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಪ್ಪುವುದಕ್ಕೆ ನಮ್ಮ ವೃತ್ತಿಯಲ್ಲಿ ಪ್ರಬಂಧ ಎನ್ನುತ್ತಾರೆ. ಅವಳ ವಿಷಯದಲ್ಲಿ ತಾವು ಅದನ್ನು ಅರಿವಿನ ಕೊರತೆ ಎಂದಿರಿ.

ತಾವು ಬಂದಿರಿ. ಸೋನಿಬಾಯಿಯ ಗಡಿಗೆಯೊಳಗೆ ಬಗ್ಗಿ ನೋಡಿ, "ಎಲ್ಲಿದೆ ಗ್ರಾಫೀನ್?" ಎಂದಿರಿ. ಜೊತೆಯವರು ನಕ್ಕರು. ತಜ್ಞರು ಪೆಟ್ಟಿಗೆ ತೆರೆದು, ನೀರಿಗೆ ಹನಿ ಹಾಕಿದರು, ಬಣ್ಣ ಬಂತು, ಎಂದರೆ ಕಬ್ಬಿಣ ನೀರಿನಲ್ಲಿ ಹಾಗೇ ಇದೆ, ಬರಬೇಕಾದ್ದೇ. ನಾನು ನಡೆದದ್ದನ್ನು ಹೇಳಲು ಬಾಯಿ ತೆರೆದೆ. "ಏನಿದ್ದರೂ ಲಿಖಿತವಾಗಿ ಸಲ್ಲಿಸಿ" ಎಂದಿರಿ. ಅಷ್ಟರಲ್ಲಿ ಸೋನಿಬಾಯಿ ಕನ್ನಡಿಯಂಥ ಹಿತ್ತಾಳೆಯ ತಂಬಿಗೆಯಲ್ಲಿ ತಮಗೆ ನೀರು ತಂದಳು. ತಾವು ಕೈಯೆತ್ತಿ ಬೇಡವೆಂದಿರಿ. ಚಾಲಕ ಕಾರಿನಿಂದ ಬಾಟಲಿ ತಂದುಕೊಟ್ಟ. ಅವಳು ತಂಬಿಗೆ ಹಿಡಿದುಕೊಂಡೇ ನಿಂತಿದ್ದಳು, ತಾವು ಕುಡಿದು ಮುಗಿಸುವವರೆಗೆ. ಮನೆಗೆ ಬಂದವರು ನೀರು ಕುಡಿಯುವಾಗ ಎದುರಿನಿಂದ ಸರಿಯುವುದು ಅವಳ ಮನೆತನದಲ್ಲಿ ಇಲ್ಲ.

ಕಾರು ಹೋದ ಮೇಲೆ ಥಾವರೆಪ್ಪ ಹೆಂಡತಿಯನ್ನು ಹಾಸ್ಯ ಮಾಡಲಿಲ್ಲ. ತಿಕ್ಕಿದ ಗಡಿಗೆಯನ್ನು ಒಳಗೆ ಒಯ್ದಿಟ್ಟ.

ಆಮೇಲಿನದು ಬೇಗ ನಡೆಯಿತು. ನೀರು ಮತ್ತೆ ಕೆಂಪಗಾಯಿತು. ಗಡಿಗೆಗಳನ್ನು ಮತ್ತೆ ಲೇಪಿಸೋಣವೆಂದು ಒಯ್ದಿಟ್ಟುಕೊಂಡೆ. ವರದಿಯ ದಾರಿ ನೋಡಿ ಎಂಬ ಆದೇಶ ಬಂತು, ಕುಲುಮೆಗೆ ಮೊಹರು ಬಿತ್ತು. ಕಾಜಲ್ ಸ್ವಲ್ಪ ದಿನ ಕಾದಳು. ಮುಂಗಾರು ಹಿಡಿಯುವ ಮೊದಲು ಅಂಬೆಗಾಲಿಡುವ ಕೂಸನ್ನು ಕಂಕುಳಿಗೆ ಏರಿಸಿಕೊಂಡು ತವರಿಗೆ ಹೊರಟಳು. "ಅತ್ತಿ, ನಾ ಸಿಟ್ಟಾಗಿ ಹೊಂಟಿಲ್ಲ. ಗಡಿಗಿ ಕರ್ರಗಾತು ಅಂತ ಫೋನ್ ಮಾಡು, ಮರುದಿನಾನ ಬರ್ತೇನಿ" ಎಂದು ಹೇಳಿಯೇ ಹೋದಳು. ಆದರೆ ತಾಂಡಾದ ಬಾಯಿಗೆ ಬೀಗವಿಲ್ಲ. ಸೋನಿಬಾಯಿ ಸೊಸೆಯನ್ನು ಹೊರಗೆ ಹಾಕಿದ್ದಾಳೆ ಎಂಬ ಮಾತು ಈಗ ಮುಂಡಗೋಡದ ಸಂತೆಯ ತನಕ ಹೋಗಿದೆ. ಸುಕ್ಕುಗಟ್ಟಿದ ಇಂಗಾಲದ ಹಾಳೆಯೊಂದು ಇಲ್ಲದೆ ಸೊಸೆ ಮನೆಗೆ ಬರುತ್ತಿಲ್ಲ ಎಂದು ಅವಳು ಸಂತೆಯಲ್ಲಿ ಯಾರಿಗೆ ವಿವರಿಸಿ ಹೇಳಬೇಕು?

ವರದಿ ಬಂದ ಮೇಲೆ ತಮ್ಮ ಕಚೇರಿಗೆ ಬಂದಿದ್ದೆ ಎಂದೆನಲ್ಲ. ಮೊಗಸಾಲೆಯಲ್ಲಿ ಕಾಯುತ್ತ ಕೂತಾಗ ಎದುರಿಗೆ ಒಂದು ವಸ್ತು ಕಂಡಿತು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಅದರ ಮೇಲೆ ಕಸೂತಿಯ ಬಟ್ಟೆ ಹಾಸಿದ್ದರು. ನಮ್ಮ ಕುಲುಮೆ. ಬಟ್ಟೆಯ ಮೇಲೆ ಸಂದರ್ಶಕರಿಗಾಗಿ ಶುದ್ಧ ಕುಡಿಯುವ ನೀರಿನ ಕ್ಯಾನು ಬೋರಲಾಗಿ ಕೂತಿತ್ತು, ಪಕ್ಕದಲ್ಲಿ ಲೋಟ. ನಾನು ನಗಲಿಲ್ಲ, ಅಳಲೂ ಇಲ್ಲ. ಬಾಯಾರಿತ್ತು, ಒಂದು ಲೋಟ ಕುಡಿದೆ. ನೀರು ಚೆನ್ನಾಗಿತ್ತು. ಆ ಕುಲುಮೆಯಿಂದ ಯಾರಿಗೂ ಶುದ್ಧ ನೀರು ಸಿಗಲಿಲ್ಲ ಎಂದು ಇನ್ನು ಮುಂದೆ ನಾನು ಹೇಳುವಂತಿಲ್ಲ.

ಕುಲುಮೆಯಿಲ್ಲದೆ ಮಾಡಲು ಪ್ರಯತ್ನಿಸಲಿಲ್ಲವೇ ಎಂದು ಕೇಳಬಹುದು. ಮಲಕಪ್ಪ ತನ್ನ ಬೆಲ್ಲದ ಒಲೆಯನ್ನೇ ಬಿಟ್ಟುಕೊಟ್ಟ. ಗಡಿಗೆಯ ಬಾಯಿಗೆ ಮಣ್ಣು ಮೆತ್ತಿ, ಗಾಳಿ ಹೋಗದಂತೆ ಮಾಡಿ, ಕಬ್ಬಿನ ಸಿಪ್ಪೆಯ ಬೆಂಕಿಯಲ್ಲಿ ಇಟ್ಟೆವು. ಒಂದು ಸೀಳಿತು. ಇನ್ನೊಂದರಲ್ಲಿ ಗಾಳಿ ನುಸುಳಿ ಬೆಲ್ಲವೆಲ್ಲ ಸುಟ್ಟು, ಗಡಿಗೆ ಸೋನಿಬಾಯಿ ತಿಕ್ಕಿದ್ದಕ್ಕಿಂತ ಸ್ವಚ್ಛವಾಗಿ ಹೊರಬಂತು. ಮಲಕಪ್ಪ ತಲೆ ಕೆರೆದುಕೊಂಡು, "ಸೀಯಿಸೂದೂ ಒಂದ್ ವಿದ್ಯಾನ ಬಿಡ್ರಿ" ಎಂದ. ಅವನ ಕೀಟಲೆ ಅಂದಿಗೆ ನಿಂತಿತು. ನನಗೆ ಅದು ಮುಂದುವರಿದಿದ್ದರೇ ಚೆನ್ನಾಗಿತ್ತು.

ಪ್ರಯೋಗಶಾಲೆ ಖಾಲಿ ಮಾಡುವಾಗ ಮೂಲೆಯಲ್ಲಿ ಲೇಪನವಾದ ಒಂದು ಗಡಿಗೆ ಸಿಕ್ಕಿತು. ಅಂಚು ಸ್ವಲ್ಪ ಒಡೆದಿದ್ದರಿಂದ ಯಾರಿಗೂ ಕೊಟ್ಟಿರಲಿಲ್ಲ. ಒಳಗೆ ಕಪ್ಪು ಹಾಗೇ ಇದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಸೋನಿಬಾಯಿಗೆ ಕೊಟ್ಟೆ. "ಕಾಜಲ್‌ಗೆ ಫೋನ್ ಮಾಡ್ರಿ" ಎಂದೆ.

ಅವಳು ಒಳಗೆ ಇಣುಕಿ ನೋಡಿದಳು. ಮುಟ್ಟಲಿಲ್ಲ. "ಇದು ಎಷ್ಟ ದಿನ ಬರ್ತೈತಿ?" ಎಂದಳು.

ನಿಜ ಹೇಳಿದೆ. ಒಂದು ಬೇಸಿಗೆಯ ತನಕ ಬರಬಹುದು. ಹಿಡಿದುಕೊಳ್ಳುವಷ್ಟು ಹಿಡಿದುಕೊಂಡ ಮೇಲೆ ಪದರ ದಣಿಯುತ್ತದೆ, ಮತ್ತೆ ಕುಲುಮೆಗೆ ಇಡಲೇಬೇಕು.

"ಆಮ್ಯಾಲೆ ಮತ್ತ ಕೂಸಿನ್ನ ಕಳಸೂದೇನು?" ಎಂದಳು. ಗಡಿಗೆಯ ಬಾಯಿಗೆ ಸೆರಗು ಮುಚ್ಚುತ್ತ, "ಬ್ಯಾಡ ಬಾಯೀ. ಇದನ್ನ ಸಾಹೇಬ್ರಿಗೆ ಇಡೂಣು. ಅವ್ರು ಬಂದು ಇದರಾಗ ನೀರ್ ಹಾಕಿ ನೋಡಿದ್ರ ಎಲ್ಲಾರ ಮನೀಗೂ ಬರ್ತಾವು. ನಾ ತಿಕ್ಕಿ ಕೆಡಿಸೇನಿ, ನಾನ ಕಾಯ್ತೇನಿ" ಎಂದಳು.

"ಕಾಯಿ, ಕಾಯಿ" ಎಂದ ಥಾವರೆಪ್ಪ. "ನಿನ್ನ ಮೊಮ್ಮಗಳ ದೊಡ್ಡಾಕಿ ಆಗಿ, ಸಾಲಿ ಕಲತು, ಸಾಹೇಬ ಆಗಿ ಬರ್ತಾಳ, ನಿನ್ನ ಗಡಿಗಿ ನೋಡಾಕ."

ಇವತ್ತಿಗೂ ಅವರ ಮನೆಯಲ್ಲಿ ಆ ಗಡಿಗೆ ನೆಲುವಿನಲ್ಲಿ ತೂಗುತ್ತಿದೆ, ಬಾಯಿಗೆ ಬಟ್ಟೆ ಕಟ್ಟಿ. ಅದರ ಮೇಲಿನ ಧೂಳನ್ನೂ ಅವಳು ಒರೆಸುವುದಿಲ್ಲ. ಕೂಸಿಗೆ ನೀರಾಗಬೇಕಾದದ್ದು ತಮಗೆ ಸಾಕ್ಷಿಯಾಗಿ ಒಣಗುತ್ತಿದೆ. ಬಳಸಿ ಎಂದು ಒತ್ತಾಯಿಸಿದರೆ ಕೊನೆಯ ಪುರಾವೆ ಕರಗುತ್ತದೆ; ಬೇಡ ಎಂದು ಸುಮ್ಮನಿದ್ದರೆ ಒಂದು ಮಗು ತನ್ನ ಮನೆಯಿಂದ ದೂರ ಬೆಳೆಯುತ್ತದೆ. ನಾನು ಓದಿದ ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ, ಕವಿತೆಗಳಲ್ಲಿ ಪ್ರಶ್ನೆಯಷ್ಟೇ ಇದೆ. ಆ ಮನೆಗೆ ಹೋದಾಗ ಈಗ ನೆಲುವಿನ ಕಡೆ ನೋಡದೆ ಕೂರುವುದನ್ನು ಕಲಿತಿದ್ದೇನೆ. ಕಳೆದ ವಾರ ಕಾಜಲ್ ಫೋನಿನಲ್ಲಿ ಹೇಳಿದಳಂತೆ, ಕೂಸು ನಡೆಯುತ್ತಿದೆ. ಸೋನಿಬಾಯಿ ಎಲ್ಲರಿಗೂ ಹೇಳಿಕೊಂಡು ಬಂದಳು, ತಾನು ಕಂಡವಳ ಹಾಗೆ.

ಮಾನ್ಯರೇ, ಯೋಜನೆ ಮತ್ತೆ ಶುರುವಾಗಲಿ ಎಂದು ಕೇಳುವ ಧೈರ್ಯ ನನಗಿಲ್ಲ. ವರದಿಯ ಆ ವಾಕ್ಯವನ್ನು ಹೊಡೆದುಹಾಕಿ ಎಂದರೆ ತಾವು ಹೊಡೆದುಹಾಕುವುದಿಲ್ಲವೆಂದೂ ಗೊತ್ತು. ನನ್ನ ಬೇಡಿಕೆ ಒಂದೇ. ಇನ್ನೊಮ್ಮೆ ಬನ್ನಿ. ಆ ಒಡೆದ ಅಂಚಿನ ಗಡಿಗೆಯಲ್ಲಿ ತಾಂಡಾದ ನೀರು ಹಾಕಿ, ಇಳಿದ ನೀರನ್ನು ತಮ್ಮ ತಜ್ಞರ ಕೈಯಿಂದಲೇ ಪರೀಕ್ಷೆ ಮಾಡಿಸಿ. ಬಣ್ಣ ಬಂದರೆ ಪ್ರಯೋಗಶಾಲೆಯ ಬೀಗದ ಕೈ ತಮ್ಮ ಮೇಜಿನ ಮೇಲಿಟ್ಟು ಹೋಗುತ್ತೇನೆ. ಬರದಿದ್ದರೆ ಮೊಗಸಾಲೆಯ ನೀರಿನ ಕ್ಯಾನಿಗೆ ಬೇರೊಂದು ಮೇಜು ಹುಡುಕಿ, ಕುಲುಮೆ ಕಳಿಸಿ. ಸಾಧ್ಯವಾದರೆ ಬಾಟಲಿಯನ್ನು ಕಾರಿನಲ್ಲೇ ಬಿಟ್ಟು, ಆ ನೀರನ್ನು ಒಂದು ಗುಟುಕು ಕುಡಿದು ನೋಡಿ. ಅನಮೋಡದ ನಾಕೆಯ ಸಿಪಾಯಿಯಷ್ಟಾದರೂ.

ಆದರೆ ದಯವಿಟ್ಟು ಬರುತ್ತೇನೆಂದು ಮೊದಲೇ ತಿಳಿಸಬೇಡಿ. ಪಂಚಾಯಿತಿಗೆ ಸೂಚನೆ ಕಳಿಸಬೇಡಿ, ನನಗೂ ಹೇಳಬೇಡಿ. ಮೊನ್ನೆ ಸೋನಿಬಾಯಿ ನಗುತ್ತಲೇ ಹೇಳಿದಳು, "ಸಾಹೇಬ್ರು ಬರೂ ದಿನ ನನ್ನ ಕೈ ಕಟ್ಟಿ ಕುಂಡ್ರಿಸು ಬಾಯೀ. ಬರ್ತಾರ ಅಂತ ಕೇಳಿದ್ರ ಇವು ನನ್ನ ಮಾತ್ ಕೇಳಂಗಿಲ್ಲ." ಅವಳ ಕೈಗಳನ್ನು ನಾನು ನೋಡಿದೆ. ಆಗಲೇ ಕಟ್ಟೆಯ ಮೇಲಿನ ತಂಬಿಗೆಯನ್ನು ಉಜ್ಜುತ್ತಿದ್ದವು.

ಇಂತಿ,
ಬೆಂಕಿಯಿಲ್ಲದ ಪ್ರಯೋಗಶಾಲೆಯ ಬೀಗದ ಕೈಯನ್ನು ಇನ್ನೂ ಸೆರಗಿಗೆ ಕಟ್ಟಿಕೊಂಡಿರುವ,
ದ್ರಾಕ್ಷಾಯಣಿ
ದಾಂಡೇಲಿ